ಬೆಂಗಳೂರು ನಾಗರತ್ನಮ್ಮನವರ ಕಲಾದಾನ

ಪುಷ್ಯ ಬಹುಳ ಪಂಚಮಿ ಬಂದಿತೆಂದರೆ ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ಶ್ರೀ ತ್ಯಾಗರಾಜಸ್ವಾಮಿಗಳ ಆರಾಧನೆಯ ಸಂಭ್ರಮ. ನಮ್ಮ ಲಗ್ಗೆರೆಯ ಹೆಣ್ಣುಮಕ್ಕಳೂ ತಾಯಂದಿರೊಡನೆ ಹೋಗಿ ಪಂಚರತ್ನ ಕೃತಿಗಳ ಗೋಷ್ಠಿಗಾನದಲ್ಲಿ ಕುಳಿತು ಹಾಡುವುದುಂಟು. ಇದರಲ್ಲಿ ವಿಶೇಷವೇನಿದೆಯೆಂದು ಯಾರೂ ಆಲೋಚಿಸುವುದಿಲ್ಲ. ಆದರೆ ಒಂದು ನೂರು ವರ್ಷಗಳ ಹಿಂದೆ, ಆ ಮಹಾನುಭಾವರ ಸಮಾಧಿಯಿರುವ ತಿರುವೈಯಾರಿನಲ್ಲಿಯೇ ಆರಾಧನೆಯ ದಿನ ಸ್ತ್ರೀಯರು ಹಾಡುವುದಕ್ಕೆ ಅವಕಾಶವಿರಲಿಲ್ಲ. ಆ ಬಾಗಿಲನ್ನು ತೆರೆಯಿಸಿದವರು ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು. ಅವರ ವೃತ್ತಾಂತವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾಗರತ್ನಮ್ಮನವರು 1878ರ ನವೆಂಬರಿನಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮನವರು ದೇವದಾಸಿ ಕುಲದವರು. ಆ ಕಾಲದಲ್ಲಿ ಗೃಹಸ್ಥರ ಮನೆಯ ಹೆಣ್ಣುಮಕ್ಕಳಿಗೂ ದೊರೆಯದಿದ್ದ ವಿದ್ಯೆಯನ್ನು ಆ ತಾಯಿ ಮಗಳಿಗೆ ಕೊಡಿಸಿದಳು. ಬಾಲೆಯು ಸಂಸ್ಕೃತ, ಕನ್ನಡ, ತೆಲುಗು ಭಾಷೆಗಳನ್ನು ಕಲಿತಳು. ತಾಯಿ ಬೇಗನೆ ಗತಿಸಿದರೂ ವಿದ್ಯಾಭ್ಯಾಸವು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರು ಸಂಗೀತವನ್ನು ಹೇಳಿಕೊಟ್ಟರು. ಇವರು ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆಯವರ ಪರಂಪರೆಗೆ ಸೇರಿದವರು. ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದ ನರಹರಿರಾಯರು ಈಕೆಯ ಕಲೆಗೆ ಆಶ್ರಯವಿತ್ತರು. ಮುಂದೆ ಮದರಾಸಿಗೆ ಹೋಗಿ ನೆಲೆಸಿದ ನಾಗರತ್ನಮ್ಮನವರು ಗಾಯನದಿಂದಲೂ ಹರಿಕಥೆಯಿಂದಲೂ ವಿಪುಲವಾದ ಕೀರ್ತಿಯನ್ನು ಗಳಿಸಿದರು; ಸರ್ಕಾರಕ್ಕೆ ವರಮಾನ ತೆರಿಗೆಯನ್ನು ಸಲ್ಲಿಸುವಷ್ಟು ಸಂಪಾದನೆಯೂ ಆಯಿತು. ಈ ಸಂಪತ್ತು ಪಿತ್ರಾರ್ಜಿತವಲ್ಲ, ಕಂಠದಿಂದ ಬಂದದ್ದು ಎಂಬುದನ್ನು ಮರೆಯತಕ್ಕದ್ದಲ್ಲ.

ಅವರ ಪೋಷಣೆಗೆ ಮೊದಲು ಪಾತ್ರಳಾದವಳು ಎಂದೋ ಗತಿಸಿದ್ದ ಒಬ್ಬ ಕವಯಿತ್ರಿ. ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿದ್ದ ಮುದ್ದುಪಳನಿಯು ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ರಚಿಸಿದ್ದಳು. ಹಿಂದಿನ ಮುದ್ರಣದಲ್ಲಿ ಪೀಠಿಕೆಯನ್ನೂ ಹಲವು ಪದ್ಯಗಳನ್ನೂ ಬಿಡಲಾಗಿತ್ತು. ನಾಗರತ್ನಮ್ಮನವರು ಮೂಲಪ್ರತಿಯನ್ನು ಸಂಪಾದಿಸಿ, ಶೋಧಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅವರ ಸಂಸ್ಥೆಯಿಂದ ಪ್ರಕಟಪಡಿಸಿದರು. ಅದರಲ್ಲಿಯ ಶೃಂಗಾರವನ್ನು ವೀರೇಶಲಿಂಗಂ ಪಂತುಲು ಅವರಂಥ ದೊಡ್ಡವರೇ ನಿಂದಿಸಿದ್ದರು. ಪುರುಷ ಕವಿಗಳಲ್ಲಿ ಇದಕ್ಕಿಂತ ಹೆಚ್ಚಾಗಿರುವಾಗ ಸ್ತ್ರೀಗೆ ಮಾತ್ರ ದೋಷವೇಕೆ ಎಂದು ಈಕೆ ಪ್ರತಿಕೇಳಿದರು. ಸಂಸ್ಕೃತ ಕಾವ್ಯಗಳ ಶೃಂಗಾರ ಸರ್ಗಗಳನ್ನು ಗುರುಮುಖದಿಂದ ಓದಿದ ನನ್ನಂಥವರಿಗೆ ಈ ಪ್ರಶ್ನೆಗೆ ಉತ್ತರವು ಸುಲಭವಲ್ಲ. ಬ್ರಿಟಿಷ್ ಸರ್ಕಾರವು ಗ್ರಂಥವನ್ನು ನಿಷೇಧಿಸಿತು. ಆ ನಿಷೇಧವು ತೊಲಗಿದುದು 1947ರಲ್ಲಿ.

ಇಷ್ಟರಲ್ಲಿ ಮತ್ತೊಂದು ಕಾರ್ಯವು ಅವರನ್ನು ಕರೆಯಿತು. 1847ರಲ್ಲಿ ಮುಕ್ತರಾದ ತ್ಯಾಗರಾಜರ ಸಮಾಧಿಯು ಕಾವೇರಿಯ ದಡದಲ್ಲಿ ಜೀರ್ಣಾವಸ್ಥೆಯಲ್ಲಿರುವುದನ್ನು ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರು ಪತ್ರ ಬರೆದು ತಿಳಿಸಿದರು. ನಾಗರತ್ನಮ್ಮನವರು ತಮ್ಮ ಸಂಪಾದನೆಯನ್ನು ವ್ಯಯಮಾಡಿ 1921ರಲ್ಲಿ ಅಲ್ಲಿ ಮಂದಿರಕ್ಕೆ ಅಸ್ತಿಭಾರ ಹಾಕಿಸಿದರು. 1925ರ ಜನವರಿಯಲ್ಲಿ ಪ್ರತಿಷ್ಠೆ ನೆರವೇರಿತು. ಆದರೆ ಆರಾಧನೆಯನ್ನು ನಡೆಸುತ್ತಿದ್ದುದು ವಿದ್ವಾಂಸರ ಎರಡು ಪಕ್ಷಗಳು. ಅವೆರಡಕ್ಕೂ ಬೇರೆ ವಿಷಯಗಳಲ್ಲಿ ಭೇದವಿದ್ದಿತಾದರೂ, ಸ್ತ್ರೀಯರು ಹಾಡಕೂಡದೆಂಬಲ್ಲಿ ಮಾತ್ರ ಐಕಮತ್ಯ! ಗುಡಿ ಕಟ್ಟಿಸಿದ ಕೈಗೆ ತಂಬೂರಿ ಹಿಡಿಯುವ ಅಧಿಕಾರವಿಲ್ಲ.

ಅವರು ಕೊಟ್ಟುದನ್ನು ಹಿಂದೆಗೆದುಕೊಳ್ಳಲಿಲ್ಲ. 1927ರಿಂದ ಗಾಯಕಿಯರನ್ನು ಒಟ್ಟುಗೂಡಿಸಿ ಸ್ತ್ರೀಯರದೇ ಒಂದು ಆರಾಧನೆಯನ್ನು ಏರ್ಪಡಿಸಿದರು. ಹೀಗೆ ಎರಡಿದ್ದ ಪಕ್ಷಗಳು ಮೂರಾದವು. 1940ರ ಸುಮಾರಿಗೆ ಎಲ್ಲವೂ ಒಂದಾದಾಗ ಸ್ತ್ರೀಯರಿಗೂ ಸ್ಥಾನ ದೊರೆಯಿತು.

ಅವರ ಅಭಿಪ್ರಾಯಗಳೆಲ್ಲ ಸರ್ವಸಮ್ಮತವಾಗಿದ್ದುವೆಂದು ಹೇಳಲಾಗದು. ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಮುತ್ತುಲಕ್ಷ್ಮೀ ರೆಡ್ಡಿಯವರು ಮದರಾಸು ಶಾಸನಸಭೆಯಲ್ಲಿ ಪ್ರಯತ್ನಿಸಿದಾಗ, ನಾಗರತ್ನಮ್ಮನವರು ತಮ್ಮ ಕುಲದ ಸ್ತ್ರೀಯರ ಪರವಾಗಿ ವಿರೋಧಿಸಿದರು. ಆ ಪದ್ಧತಿಯಿಂದ ಅನೇಕ ಬಾಲೆಯರ ಬಾಳು ಕೆಟ್ಟುದು ಸತ್ಯ. ಆದರೆ ಪದ್ಧತಿಯೊಡನೆ ಆ ಸ್ತ್ರೀಯರ ವಿದ್ಯೆ, ಆಸ್ತಿ, ಮರ್ಯಾದೆಗಳೂ ಕೊಚ್ಚಿಹೋದಾವೆಂಬ ಈಕೆಯ ಭಯವೂ ನಿರಾಧಾರವಾಗಿರಲಿಲ್ಲ.

ಕಡೆಗಾಲದಲ್ಲಿ ಮದರಾಸನ್ನು ಬಿಟ್ಟು ತಿರುವೈಯಾರಿನಲ್ಲಿಯೇ ವಾಸಮಾಡಿದರು. ತಮ್ಮ ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆ ಬರೆದಿಟ್ಟು, ಸ್ತ್ರೀಯರಿಗೆ ಅಲ್ಲಿ ಪುರುಷರಂತೆಯೇ ಪೂಜಿಸುವ, ಹಾಡುವ ಅವಕಾಶವಿರತಕ್ಕದ್ದೆಂದು ಮರಣಶಾಸನದಲ್ಲಿ ನಿಬಂಧನೆ ಮಾಡಿದರು. 1952ರ ಮೇ 19ರಂದು ದಿವಂಗತರಾದರು. ಅವರ ಸ್ಮಾರಕವು ತ್ಯಾಗರಾಜರ ಸನ್ನಿಧಿಗೆ ಎದುರಾಗಿಯೇ ಇದೆ.

ದೇಶ, ಕಾಲ, ಪಾತ್ರಗಳನ್ನು ನೋಡಿ ದಾನಮಾಡಬೇಕೆಂದು ಹಿರಿಯರು ಹೇಳುವರು. ಧನವನ್ನು ಕೊಟ್ಟ ಮಹಾರಾಜರೂ ಶ್ರೀಮಂತರೂ ನಮ್ಮಲ್ಲಿ ಬಹು ಮಂದಿ. ಕಲಾವಿದೆಗೆ ಕುಳಿತುಕೊಳ್ಳಲು ಜಾಗವನ್ನು ಕೊಟ್ಟವರು ವಿರಳ. ತಮಗೇ ಇಲ್ಲದಿದ್ದ ಆ ಜಾಗವನ್ನು ಸಂಪಾದಿಸಿ ಮುಂದಿನವರಿಗೆ ಬಿಟ್ಟುಹೋದುದು ನಾಗರತ್ನಮ್ಮನವರ ನಿಜವಾದ ದಾನ. ಮುಂದಿನ ಪಂಚಮಿಯಂದು ನಮ್ಮ ಹೆಣ್ಣುಮಕ್ಕಳು ಶ್ರುತಿ ಸೇರಿಸುವಾಗ, ಹಿರಿಯರು ಈ ಹೆಸರನ್ನು ಒಮ್ಮೆ ಅವರಿಗೆ ಹೇಳಿದರೆ ಋಣದಲ್ಲಿ ಒಂದಂಶವಾದರೂ ಸಂದೀತು.