ನಿಂಬೆರಸದ ಓಲೆಗಳು

1631ರ ಫೆಬ್ರುವರಿಯ ಚಳಿಯಲ್ಲಿ, ಬವೇರಿಯದ ಮ್ಯೂನಿಕ್ ನಗರದ ಕ್ಲಾರಾ ಸಂನ್ಯಾಸಿನಿಯರ ಮಠದೊಳಗೆ, ಗಾಳಿಬೆಳಕಿಲ್ಲದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಸೆರೆಯಾಗಿದ್ದ ನಲವತ್ತಾರು ವರ್ಷದ ಆಂಗ್ಲ ಮಹಿಳೆಯೊಬ್ಬಳು, ಹೊರಗಿನಿಂದ ಬಂದ ಸಾಮಾನುಗಳಿಗೆ ಸುತ್ತಿದ್ದ ಕಾಗದವನ್ನೇ ಬಿಡಿಸಿಟ್ಟುಕೊಂಡು ಅದರ ಮೇಲೆ ನಿಂಬೆಹಣ್ಣಿನ ರಸದಲ್ಲಿ ಬರೆಯುತ್ತಿದ್ದಳು. ರಸ ಆರಿದೊಡನೆ ಕಾಗದ ಬರಿದಾಗುವುದು. ಹೊರಗಿದ್ದ ಸಂಗಾತಿಯರು ಅದನ್ನು ಬೆಂಕಿಯ ಕಾವಿಗೆ ಹಿಡಿದಾಗ ಕಂದುಬಣ್ಣದ ಅಕ್ಷರಗಳು ಒಂದೊಂದಾಗಿ ಮೂಡುವುವು. ಈಕೆ ಮೇರಿ ವಾರ್ಡ್. ಪಾಷಂಡಿ, ಧರ್ಮಸಭೆಗೆ ತಿರುಗಿಬಿದ್ದವಳು ಎಂಬುದು ಈಕೆಯ ಮೇಲಿದ್ದ ಆರೋಪ. ಆದರೆ ಕ್ಯಾಥೊಲಿಕ್ ಮತದ ಯಾವ ತತ್ತ್ವವನ್ನೂ ಆಕೆ ಅಲ್ಲಗಳೆದವಳಲ್ಲ. ಸಂನ್ಯಾಸಿನಿಯು ಗೋಡೆಯ ಹೊರಗೂ ದೇವರ ಸೇವೆ ಮಾಡಬಲ್ಲಳೆಂದು ನಂಬಿ ಹಾಗೆಯೇ ಬಾಳಿದವಳು.

1298ರಲ್ಲಿ ಎಂಟನೆಯ ಬೋನಿಫೇಸ್ ಪೋಪರು ಸಂನ್ಯಾಸಿನಿಯರೆಲ್ಲರೂ ಜೀವಮಾನವಿಡೀ ಮಠದ ಆವರಣದೊಳಗೇ ಇರತಕ್ಕದ್ದೆಂದು ವಿಧಿಸಿದರು; 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಬಿಗಿಗೊಳಿಸಿತು; ಮೂರು ವರ್ಷಗಳ ಮೇಲೆ ಐದನೆಯ ಪಿಯುಸ್ ಪೋಪರು ಉಳಿದಿದ್ದ ಸಂದುಗಳನ್ನೂ ಮುಚ್ಚಿದರು. ಹೆಣ್ಣಿಗೆ ಗಂಡನಾದರೂ ಇರಬೇಕು, ಇಲ್ಲವೆ ಗೋಡೆಯಾದರೂ ಇರಬೇಕು ಎಂಬ ಮಾತು ಅಂದಿನ ಯೂರೋಪಿನಲ್ಲಿ ಗಾದೆಯಂತೆ ಬಳಕೆಯಲ್ಲಿತ್ತು. ಅರಿಸ್ಟಾಟಲನನ್ನು ಅನುಸರಿಸಿ ಸ್ತ್ರೀಯನ್ನು ಪುರುಷನ ನ್ಯೂನರೂಪವೆಂದು ಬಗೆದ ಪಾಂಡಿತ್ಯವು ಆ ಗಾದೆಗೆ ದೇವಶಾಸ್ತ್ರದ ಊರೆಗೋಲನ್ನು ಒದಗಿಸಿತ್ತು.

ಮೇರಿ ಹುಟ್ಟಿದುದು 1585ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಕ್ಯಾಥೊಲಿಕರು ಪೂಜೆಯನ್ನು ಕದ್ದು ಮಾಡಬೇಕಾಗಿದ್ದ, ಗುರುಗಳನ್ನು ಗೋಡೆಯ ಸಂದಿಯಲ್ಲಿ ಬಚ್ಚಿಡಬೇಕಾಗಿದ್ದ ಕಾಲ ಅದು. ಆಕೆಯ ಅಜ್ಜಿಯೇ ಧರ್ಮಕ್ಕಾಗಿ ಹದಿನಾಲ್ಕು ವರ್ಷ ಸೆರೆಮನೆ ಕಂಡವಳು. ಅಂತಹ ಅಜ್ಜಿಯ ಮಡಿಲಲ್ಲಿ ಬೆಳೆದವಳಿಗೆ ಹೆಣ್ಣು ಅಬಲೆಯೆಂಬ ಮಾತು ರುಚಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ. 1609ರ ವೇಳೆಗೆ ಆಕೆ ಫ್ಲಾಂಡರ್ಸಿನ ಸೇಂಟ್ ಓಮರ್ ಪಟ್ಟಣದಲ್ಲಿ ಕೆಲವರು ಗೆಳತಿಯರೊಡನೆ ನೆಲೆಸಿ, ಹೆಣ್ಣುಮಕ್ಕಳಿಗೆ ಪಾಠಶಾಲೆಯನ್ನು ತೆರೆದಳು. ಯೇಸುಸಭೆಯ ಗುರುಗಳ ನಿಯಮವನ್ನೇ ಸ್ತ್ರೀಯರೂ ಕೈಕೊಳ್ಳಬೇಕು, ಆವರಣ ಬೇಡ, ತಮ್ಮನ್ನು ಆಳುವವಳು ತಮ್ಮೊಳಗಿನ ಒಬ್ಬ ಹೆಂಗಸೇ ಆಗಿರಬೇಕು ಎಂಬುದು ಆಕೆಯ ಸಂಕಲ್ಪ. ಇವರ ಉತ್ಸಾಹವೇನೋ ದೊಡ್ಡದು, ಆದರೆ ಎಷ್ಟಾದರೂ ಹೆಂಗಸರಲ್ಲವೆ ಎಂದು ಗುರುವೊಬ್ಬನು ಆಡಿದ ಮಾತು 1617ರಲ್ಲಿ ಆಕೆಯ ಕಿವಿಗೆ ಬಿತ್ತು. ಉತ್ಸಾಹ ಕುಂದಿದರೆ ಅದು ನಾವು ಹೆಂಗಸರಾದುದರಿಂದಲ್ಲ, ಅಪೂರ್ಣ ಹೆಂಗಸರಾದುದರಿಂದ; ನಾವು ಹಿಡಿಯಬೇಕಾದುದು ದೇವರ ಸತ್ಯವನ್ನೇ ಹೊರತು ಗಂಡಸರ ಸತ್ಯವನ್ನಲ್ಲ ಎಂಬ ಅರ್ಥದಲ್ಲಿ ಆಕೆ ಸಂಗಾತಿಯರಿಗೆ ಬೋಧಿಸಿದಳು. ನಾಲ್ಕುನೂರು ವರ್ಷಗಳ ಮೇಲೆ ಸ್ತ್ರೀವಾದಿ ದೇವಶಾಸ್ತ್ರಜ್ಞೆಯರು ಆಕೆಯ ಬಳಿಗೆ ಮರಳಿ ಮರಳಿ ಬರುವುದು ಈ ವಿವೇಚನೆಗಾಗಿಯೇ.

1621ರಲ್ಲಿ ಆಕೆ ಆಲ್ಪ್ಸ್ ಪರ್ವತಗಳನ್ನು ದಾಟಿ, ಬಹುಮಟ್ಟಿಗೆ ಕಾಲ್ನಡೆಯಲ್ಲಿಯೇ, ಕ್ರಿಸ್‌ಮಸ್ ಹಿಂದಿನ ದಿನ ರೋಮನ್ನು ಮುಟ್ಟಿ ತನ್ನ ಸಂಘಕ್ಕೆ ಪೋಪರ ಅನುಮತಿಯನ್ನು ಬೇಡಿದಳು. ಅನುಮತಿ ಸಿಕ್ಕಲಿಲ್ಲ, ರೋಮಿನಲ್ಲಿ ತೆರೆದ ಶಾಲೆಯೂ 1625ರಲ್ಲಿ ಮುಚ್ಚಿತು. ಕೊನೆಗೆ 1631ರ ಜನವರಿಯಲ್ಲಿ ಎಂಟನೆಯ ಅರ್ಬನ್ ಪೋಪರು ಕಠೋರವಾದ ಶಾಸನವೊಂದರಿಂದ ಸಂಘವನ್ನೇ ರದ್ದುಗೊಳಿಸಿದರು; ಮರುತಿಂಗಳು ಆಕೆ ಮ್ಯೂನಿಕ್ಕಿನಲ್ಲಿ ಸೆರೆಯಾದಳು. ಸೆರೆಯಲ್ಲಿ ಜ್ವರದಿಂದ ಸಾಯುವ ಸ್ಥಿತಿಗೆ ಬಂದಾಗ ಆಕೆ ಸಾಯುವವರಿಗೆ ಗುರುಗಳು ನೀಡುವ ಕೊನೆಯ ಅಭ್ಯಂಜನದ ಸಂಸ್ಕಾರವನ್ನು ಕೇಳಿಕೊಂಡಳು. ಧರ್ಮವಿರುದ್ಧವಾಗಿ ಏನಾದರೂ ನಡೆದಿದ್ದರೆ ಪಶ್ಚಾತ್ತಾಪಪಡುವೆನೆಂಬ ಪತ್ರಕ್ಕೆ ಮೊದಲು ರುಜು ಹಾಕು ಎಂದು ಧರ್ಮಸಭೆಯ ಅಧಿಕಾರಿಗಳು ಹೇಳಿದರು. ಆ ರುಜುವಿನಿಂದ ನಿರಪರಾಧಿಗಳಾದ ಸಂಗಾತಿಯರಿಗೆಲ್ಲ ಕಳಂಕ ತಗಲುವುದೆಂದು ಕಂಡು, ಜೀವಮಾನವೆಲ್ಲ ಹಂಬಲಿಸಿದ ಸಂಸ್ಕಾರವನ್ನೇ ಬಿಟ್ಟು ಸಾಯಲು ಆಕೆ ಸಿದ್ಧಳಾದಳು. ವಿಧೇಯತೆಯೂ ಸ್ವಾಭಿಮಾನವೂ ಒಂದೇ ಎದೆಯಲ್ಲಿ ಹೀಗೆ ನಿಂತುದನ್ನು ನಾನು ಬೇರೆಡೆ ಹೆಚ್ಚಾಗಿ ಕಂಡಿಲ್ಲ. ಆಕೆ ಸಾಯಲಿಲ್ಲ, ಏಪ್ರಿಲ್ಲಿನಲ್ಲಿ ಬಿಡುಗಡೆಯಾಯಿತು. ಮತ್ತೆ ರೋಮಿಗೆ ಹೋಗಿ ತಾನು ಪಾಷಂಡಿಯಲ್ಲವೆಂದು ಪೋಪರ ಬಾಯಿಂದಲೇ ಹೇಳಿಸಿಕೊಂಡಳು.

ಆಕೆಯ ಶಾಲೆಗಳು ಉಳಿದುವು, ಹೆಸರು ಉಳಿಯಲಿಲ್ಲ. 1703ರಲ್ಲಿ ಸಂಘದ ನಿಯಮಾವಳಿಗೆ ಪೋಪರ ಒಪ್ಪಿಗೆ ದೊರೆತರೂ, 1749ರ ಶಾಸನವು ಆಕೆಯನ್ನು ಸಂಸ್ಥಾಪಕಿಯೆನ್ನಕೂಡದೆಂದು ತಡೆಯಿತು. ಆ ತಡೆ 1909ರವರೆಗೂ ನಿಂತಿತು. ಅಷ್ಟರಲ್ಲಿ ಯಾರ್ಕ್ ನಗರದಲ್ಲಿದ್ದ ಈ ಸಂಘದ ಮಠದಲ್ಲಿ ಕಲಿತ ತೆರೆಸಾ ಬಾಲ್ ಐರ್ಲೆಂಡಿನಲ್ಲಿ ಲೊರೆಟೊ ಶಾಖೆಯನ್ನು ನೆಟ್ಟಿದ್ದಳು. ಅದರ ಸಹೋದರಿಯರು 1841ರ ಕೊನೆಗೆ ಕಲ್ಕತ್ತೆಗೆ ಬಂದು ಶಾಲೆ ನಡೆಸಿದರು. ಮುಂದೆ ಮದರ್ ತೆರೆಸಾ ಎಂದು ಲೋಕವೆಲ್ಲ ಬಲ್ಲ ಹೆಂಗಸು ಸಂನ್ಯಾಸಕ್ಕೆಂದು ಮೊದಲು ಸೇರಿದುದು ಈ ಲೊರೆಟೊ ಶಾಖೆಯನ್ನೇ.

ಇಂಗ್ಲೆಂಡಿಗೆ ಮರಳಿದ್ದ ಮೇರಿ 1645ರ ಜನವರಿಯಲ್ಲಿ, ಅಲ್ಲಿನ ಅಂತರ್ಯುದ್ಧದ ನಡುವೆ, ಯಾರ್ಕ್ ಬಳಿಯ ಹಳ್ಳಿಯೊಂದರಲ್ಲಿ ತೀರಿಕೊಂಡಳು. ಅಲ್ಲಿಗೆ ಸಮೀಪದ ಆಸ್ಬಾಲ್ಡ್‌ವಿಕ್ ಇಗರ್ಜಿಯಲ್ಲಿರುವ ಆಕೆಯ ಸಮಾಧಿಶಿಲೆಯ ಮೇಲೆ ಹೆಸರು, ವಯಸ್ಸು, ಬಡವರನ್ನು ಪ್ರೀತಿಸಿದಳೆಂಬ ಮಾತು ಇವೆ; ಸಂನ್ಯಾಸದ ವಿಚಾರವಾಗಲಿ ಸಂಘದ ವಿಚಾರವಾಗಲಿ ಒಂದಕ್ಷರವೂ ಇಲ್ಲ. ಓದಬೇಕಾದವರು ಓದಿಕೊಳ್ಳುವರೆಂದು ಸಂಗಾತಿಯರು ಹಾಗೆ ಕೆತ್ತಿಸಿದರು.