ಕಿಂದರಿಜೋಗಿಯ ಕಥೆಗೆ ಇಲಿ ಬಂದದ್ದು ಆಮೇಲೆ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿದ್ದೇವೆ, ಕೆಲವರು ಇಲಿ ವೇಷ ಹಾಕಿ ಕುಣಿದೂ ಇದ್ದೇವೆ. ತುಂಗಾ ತೀರದ ಆ ಊರಿನ ಮೂಲ ಇರುವುದು ಜರ್ಮನಿಯಲ್ಲಿ. ವೇಸರ್ ನದಿಯ ದಡದ ಹ್ಯಾಮೆಲಿನ್ ಪಟ್ಟಣ ಇಂದಿಗೂ ಇದೆ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಈ ಕಥೆಯನ್ನು ಪದ್ಯ ಮಾಡಿದ್ದು 1842ರಲ್ಲಿ. ನಾಟಕದ ನಟ ಮ್ಯಾಕ್ರೆಡಿ ಅವರ ಮಗ ವಿಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದ. ಅವನಿಗೆ ಚಿತ್ರ ಬರೆಯುವ ಆಸೆ. ಬರೆಯಲು ಒಂದು ಕಥೆ ಸಿಗಲಿ ಎಂದು ಬ್ರೌನಿಂಗ್ ಇದನ್ನು ಬರೆದುಕೊಟ್ಟರು. ಅದಕ್ಕೇ ಅದರಲ್ಲಿ ಅಷ್ಟು ತಮಾಷೆ: ಇಲಿಗಳು ನಾಯಿ ಮೇಲೆ ಜಗಳಕ್ಕೆ ಹೋಗುತ್ತವೆ, ಬೆಕ್ಕನ್ನೇ ಕೊಲ್ಲುತ್ತವೆ, ಗಂಡಸರ ಟೋಪಿಯೊಳಗೆ ಗೂಡು ಕಟ್ಟುತ್ತವೆ. 1888ರಲ್ಲಿ ಕೇಟ್ ಗ್ರೀನವೇ ಬಣ್ಣದ ಚಿತ್ರ ಬರೆದು, ಅದು ಹೆಸರುವಾಸಿ ಚಿತ್ರಪುಸ್ತಕವಾಯಿತು.

ಹಳೆಯ ದಾಖಲೆ ನೋಡಿದರೆ ಮಾತ್ರ ನಗು ನಿಲ್ಲುತ್ತದೆ. ಅದರಲ್ಲಿ ಇಲಿಯೇ ಇಲ್ಲ! 15ನೇ ಶತಮಾನದ ಒಂದು ಲ್ಯಾಟಿನ್ ಹಸ್ತಪ್ರತಿ ಹೇಳುವುದು ಇಷ್ಟೇ: 1284ರ ಜೂನ್ 26ರಂದು ಚೆಂದದ ಬಟ್ಟೆ ತೊಟ್ಟ ಒಬ್ಬ ಯುವಕ ಕೊಳಲು ಊದುತ್ತ ಬಂದ, 130 ಮಕ್ಕಳು ಅವನ ಹಿಂದೆ ಹೋದರು, ಮತ್ತೆ ಸಿಗಲಿಲ್ಲ. ಇಲಿಗಳು ಕಥೆಗೆ ಸೇರಿದ್ದು ಘಟನೆಯಾಗಿ ಸುಮಾರು 275 ವರ್ಷದ ಮೇಲೆ, 16ನೇ ಶತಮಾನದ ಬರಹದಲ್ಲಿ.

ಹಾಗಾದರೆ ಮಕ್ಕಳು ಹೋದದ್ದೆಲ್ಲಿಗೆ? ವಿದ್ವಾಂಸರಲ್ಲಿ ಒಂದೇ ಮಾತಿಲ್ಲ. ಹಲವರು ಒಪ್ಪುವ ಒಂದು ವಾದ ವಲಸೆಯದು. ಆ ಕಾಲದಲ್ಲಿ ಪೂರ್ವದ ಕಡೆ ಹೊಸ ಜಮೀನು ಸಾಗುವಳಿಗೆ ಜನ ಬೇಕಿತ್ತು. ಜನರನ್ನು ಒಪ್ಪಿಸಿ ಕರೆದೊಯ್ಯುವವರು ಊರೂರು ತಿರುಗುತ್ತಿದ್ದರು. ಹ್ಯಾಮೆಲಿನ್ ಸೀಮೆಯ ಹೆಸರುಗಳನ್ನೇ ಹೋಲುವ ಹೆಸರುಗಳು ಪೂರ್ವ ಜರ್ಮನಿಯ ಕಡೆ ಸಿಗುತ್ತವೆ ಎಂದು ಭಾಷಾತಜ್ಞರು ತೋರಿಸಿದ್ದಾರೆ. ‘ಊರಿನ ಮಕ್ಕಳು’ ಎಂದರೆ ಪ್ರಾಯದ ಹುಡುಗ ಹುಡುಗಿಯರೂ ಇರಬಹುದು.

ಇಲಿ ಬಂದ ಮೇಲೆ ಕಥೆಗೆ ಒಂದು ಕಾರಣ ಸಿಕ್ಕಿತು: ಕೂಲಿ. ಕೆಲಸ ಆಗುವ ತನಕ ಕೇಳಿದಷ್ಟು ಕೊಡುತ್ತೇವೆ ಎಂದವರು, ಇಲಿ ಹೊಳೆ ಪಾಲಾದ ಮೇಲೆ ಮಾತು ತಿರುಗಿಸಿದರು. ಕುವೆಂಪು ಅಲ್ಲಿಯ ಮೇಯರನ್ನು ಇಲ್ಲಿಯ ಗೌಡನನ್ನಾಗಿ ಮಾಡಿದರು, ಕೊಳಲಿನವನ ಕೈಗೆ ಕಿಂದರಿ ಕೊಟ್ಟರು. ಅದರಿಂದಲೇ ಇದು ಹೊರಗಿನ ಕಥೆ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಹ್ಯಾಮೆಲಿನ್‌ನಲ್ಲಿ ಮಕ್ಕಳು ಹಾದುಹೋದರು ಎನ್ನುವ ಬೀದಿಯೊಂದಿದೆ. ಅಲ್ಲಿ ಇವತ್ತಿಗೂ ವಾದ್ಯ ನುಡಿಸುವುದಿಲ್ಲ. ಮದುವೆ ಮೆರವಣಿಗೆ ಬಂದರೂ ಆ ಬೀದಿ ದಾಟುವ ತನಕ ವಾದ್ಯ ನಿಲ್ಲಿಸಬೇಕೆಂಬುದು ಅಲ್ಲಿಯ ಪದ್ಧತಿ. ಇಲಿಗಳ ನೆನಪಿಗಲ್ಲ, ಹೋದ ಮಕ್ಕಳ ನೆನಪಿಗೆ.