ನುಡಿಯಿಂದ ಯುನಿಕೋಡ್‌ಗೆ: ಮೂರು ಊರುಗಳ ಹೆಸರು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಿರುವ ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಆಡಳಿತಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಆಳುವವರು ಬದಲಾದರೂ ಪಹಣಿ, ಅಂದರೆ ಜಮೀನಿನ ಹಕ್ಕು, ಗೇಣಿ ಹಾಗೂ ಬೆಳೆಯ ವಿವರಗಳ ಪತ್ರ, ಕೈಬರಹದಲ್ಲೇ ಉಳಿದಿತ್ತು. ಅಕ್ಷರ ಬಲ್ಲವರಿಗೆ ಅದನ್ನು ಓದಲು ಬೇರಾವ ಸಾಧನವೂ ಬೇಕಿರಲಿಲ್ಲ. 2002ರ ಹೊತ್ತಿಗೆ ‘ಭೂಮಿ’ ಯೋಜನೆಯು ರಾಜ್ಯದ ತಾಲೂಕು ಕಚೇರಿಗಳಿಗೆ ಗಣಕೀಕೃತ ಪಹಣಿಯನ್ನು ತಂದಿತು. ಕಚೇರಿಯ ಕಡತ ಗಣಕಯಂತ್ರಕ್ಕೆ ಸೇರಿದಂತೆ, ಬರೆದದ್ದನ್ನು ಓದಲು ಬರೆದ ತಂತ್ರಾಂಶವೂ ಜೊತೆಗಿರಬೇಕೆಂಬ ಹೊಸ ಅವಲಂಬನೆ ಹುಟ್ಟಿತು.

ಅಂದಿನ ಅಕ್ಷರಶೈಲಿಯ ಕಡತದಲ್ಲಿ ಹೆಚ್ಚೆಂದರೆ 256 ಸಂಕೇತಗಳಿಗೆ ಎಡೆಯಿತ್ತು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸದ ಕಾರಣ, ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳು ಅಕ್ಷರವನ್ನು ತುಣುಕುಗಳಾಗಿ ಒಡೆದು, ಆ ತುಣುಕುಗಳನ್ನು ಇಂಗ್ಲಿಷ್ ಹಾಗೂ ಐರೋಪ್ಯ ಅಕ್ಷರಗಳ ಸಂಕೇತಗಳ ಮೇಲೆ ತಮ್ಮತಮ್ಮ ರೀತಿಯಲ್ಲಿ ಕೂರಿಸಿದವು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಏಕರೂಪತೆ ತಂದಿತಾದರೂ ಕಡತದೊಳಗೆ ಉಳಿದದ್ದು ಅಕ್ಷರದ ಆಕಾರವೇ ಹೊರತು ಅಕ್ಷರವಲ್ಲ.

ಈ ಮೂರು ಊರುಗಳ ಹೆಸರುಗಳಲ್ಲೇ ಇದು ಸ್ಪಷ್ಟವಾಗುತ್ತದೆ. ನುಡಿಯ ಹಳೆಯ ಕಡತದಲ್ಲಿ ‘ಭಟ್ಕಳ’ದ ಭಕಾರವು ಬಕಾರದ ಮೈ, ಮಹಾಪ್ರಾಣದ ಗೀಟು ಮತ್ತು ತಲೆಕಟ್ಟು ಎಂಬ ಮೂರು ತುಣುಕುಗಳು, ‘ಕುಮಟಾ’ದ ಮಕಾರವು ವಕಾರಕ್ಕೆ ಕೊಂಬು ಸೇರಿಸಿ ಬರೆದದ್ದು, ‘ಹೊನ್ನಾವರ’ದಲ್ಲಿ ಮೊದಲು ‘ನಾ’ ಬಂದು ಆಮೇಲೆ ನಕಾರದ ಒತ್ತು ಬರುತ್ತದೆ. 1991ರಲ್ಲಿ ಮೊದಲ ಆವೃತ್ತಿ ಕಂಡ ಯುನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಶಿಷ್ಟತೆ, ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ. ಅಲ್ಲಿ ಭಕಾರಕ್ಕೂ ಮಕಾರಕ್ಕೂ ಒಂದೊಂದೇ ಸಂಕೇತವಿದ್ದು, ‘ನ್ನಾ’ ಎಂಬಲ್ಲಿ ಎರಡೂ ನಕಾರಗಳು ಮುಗಿದ ಮೇಲಷ್ಟೇ ದೀರ್ಘದ ಚಿಹ್ನೆ ಬರುತ್ತದೆ. ಆದ್ದರಿಂದ ಪರಿವರ್ತಕ ತಂತ್ರಾಂಶವು ತುಣುಕುಗಳನ್ನು ಕೂಡಿಸಿ, ಕ್ರಮವನ್ನು ತಿರುಗಿಸಿ, ‘ವರ್ಷ’ದಂಥ ಪದಗಳಲ್ಲಿ ಷಕಾರದ ನಂತರ ಕುಳಿತ ಅರ್ಕಾವೊತ್ತನ್ನು ಅದರ ಹಿಂದಕ್ಕೆ ತರಬೇಕಾಗುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ತೊಡಕು ಇನ್ನೂ ಗಂಭೀರ: ಅಕ್ಷರಶೈಲಿಯ ಗುರುತು ಅಳಿದ ಬರಿಯ ಪಠ್ಯದಲ್ಲಿ ಎರಡಕ್ಕೂ ಸಂಕೇತ ಒಂದೇ ಆಗಿ, ಇಂಗ್ಲಿಷ್ ಪದವೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ.

2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಎಂಬ ಯುನಿಕೋಡ್ ಅಕ್ಷರಶೈಲಿ ಇದ್ದರೂ ಕಚೇರಿಗಳೂ ಮುದ್ರಣಾಲಯಗಳೂ ಹಳೆಯ ಸಂಕೇತಗಳಲ್ಲೇ ವರ್ಷಗಟ್ಟಲೆ ಬರೆದವು. ಪುಟವಿನ್ಯಾಸದ ಅಂದಿನ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸದಿದ್ದುದು ಇದಕ್ಕೆ ಮುಖ್ಯ ಕಾರಣ. ಆ ವಿಳಂಬದ ಬೆಲೆ ದೊಡ್ಡದು, ಏಕೆಂದರೆ ಹಾಗೆ ಉಳಿದ ಕಡತದಲ್ಲಿ ಯುನಿಕೋಡ್‌ನಲ್ಲಿ ‘ಕುಮಟಾ’ ಎಂದು ಹುಡುಕಿದರೆ ಏನೂ ಸಿಗದು. ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಸಂಘ, ಶಾಲೆ, ಮುದ್ರಣಾಲಯಗಳು ಅವನ್ನು ಈಗಲೇ ಪರಿವರ್ತಿಸಿ, ಅರ್ಕಾವೊತ್ತನ್ನೂ ಇಂಗ್ಲಿಷ್ ಪದಗಳನ್ನೂ ಕಣ್ಣಾರೆ ತಾಳೆ ನೋಡಬೇಕು. ಮೂಲ ಕಡತವನ್ನು ಅದರ ಅಕ್ಷರಶೈಲಿಯೊಂದಿಗೆ ಹಾಗೆಯೇ ಉಳಿಸಿಕೊಳ್ಳಬೇಕು.